ಹಿಮದ ನಾಡಿನಲ್ಲಿ ಮೋಟಾರಿನ ಋತುಚರ್ಯೆ

ಋತುವಿಗೆ ತಕ್ಕಂತೆ ಆಹಾರವಿಹಾರಗಳನ್ನು ಮಾರ್ಪಡಿಸಿಕೊಳ್ಳಬೇಕೆಂಬುದು ನಮ್ಮ ಹಿರಿಯರ ಮತ. ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿರುವನು. ಹೇಮಂತದಲ್ಲಿ ಎಣ್ಣೆಯ ಅಭ್ಯಂಗ, ಜಿಡ್ಡುಳ್ಳ ಆಹಾರ, ಬೆಚ್ಚನೆಯ ಹೊದಿಕೆ, ಗಾಳಿ ನುಗ್ಗದ ಮನೆ ಇವು ಹಿತವೆಂದು ಆ ವೈದ್ಯನ ಉಪದೇಶ. ದೇಹಕ್ಕೆ ಹೇಳಿದ ಈ ಮಾತು ಕಬ್ಬಿಣ ರಬ್ಬರುಗಳಿಂದಾದ ಯಂತ್ರಕ್ಕೂ ಸಲ್ಲುವುದೆಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ತಿಳಿದದ್ದು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ, ಅದೂ ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಮಗಳ ಮನೆಯಲ್ಲಿ ಕಳೆದ ಒಂದು ಚಳಿಗಾಲದಲ್ಲಿ.

ಮೈಸೂರು ಸೀಮೆಯಲ್ಲಿ ಕುಳಿತು ಹಿಮದ ನಾಡಿನ ಮೋಟಾರಿನ ವಿಚಾರವನ್ನು ಬರೆಯುವುದೇಕೆಂದು ವಾಚಕರು ಕೇಳಬಹುದು. ಧನುರ್ಮಾಸದ ಬೆಳಗಿನಲ್ಲಿ ನಮ್ಮವರು ಕಿವಿಗೆ ಮಫ್ಲರು ಸುತ್ತಿಕೊಂಡರೆ ಸಾಕು. ಬಾಗಿಲಲ್ಲಿ ನಿಂತ ಕಾರಿಗೆ ಯಾವ ಉಪಚಾರವೂ ಬೇಡ. ಆದರೆ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಷ್ಟು ಮನೆಯ ಮಗನೋ ಮಗಳೋ ಇಂದು ಟೊರಾಂಟೊ, ಷಿಕಾಗೊ, ಮ್ಯೂನಿಕ್, ಸ್ಟಾಕ್‌ಹೋಮ್ ಮೊದಲಾದ ಊರುಗಳಲ್ಲಿಲ್ಲ? ಅವರಲ್ಲಿ ಹಲವರು ಮೊದಲ ಹಿಮವನ್ನು ಕಾಣುವುದು, ಆ ಹಿಮದ ಮೇಲೆ ಮೊದಲ ಬಾರಿಗೆ ಗಾಡಿ ನಡೆಸುವುದು ಒಂದೇ ವರ್ಷದಲ್ಲಿ. ನಾವಾದರೋ ದೂರವಾಣಿಯಲ್ಲಿ "ಊಟವಾಯಿತೆ? ಸ್ವೆಟರು ಹಾಕಿಕೊಂಡೆಯಾ?" ಎಂದು ಕೇಳಿ ಸುಮ್ಮನಾಗುತ್ತೇವೆ. ಇನ್ನೇನನ್ನು ಕೇಳಬೇಕೆಂಬುದನ್ನು ತಿಳಿಸುವುದೇ ಈ ತಿಂಗಳ ನಮ್ಮ ಉದ್ದೇಶ. ಜೊತೆಯಲ್ಲಿ ನಾವು ಮಾಡಿದ ಒಂದು ದೊಡ್ಡ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದು ಯಥಾವಕಾಶ ಮುಂದೆ ಬರುವುದು.

ವಿನಿಪೆಗ್ ನಗರವು ರೆಡ್, ಅಸಿನಿಬೋಯಿನ್ ಎಂಬ ಎರಡು ನದಿಗಳ ಸಂಗಮದಲ್ಲಿದೆ. ಸುತ್ತಲೂ ವಿಶಾಲವಾದ ಬಯಲು. ಉತ್ತರದ ಗಾಳಿಯನ್ನು ತಡೆಯಲು ಒಂದು ಗುಡ್ಡವೂ ಇಲ್ಲ. ಚಳಿಗಾಲದಲ್ಲಿ ಆ ನದಿಗಳೆರಡೂ ಹೆಪ್ಪುಗಟ್ಟಿ, ಜನರು ಅವುಗಳ ಮೇಲೆ ಜಾರುವ ಪಾದರಕ್ಷೆ ತೊಟ್ಟು ವಿಹರಿಸುವರು. ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ 20 ಡಿಗ್ರಿ ಕೆಳಗಿರುವುದು ಅಲ್ಲಿ ಸಾಮಾನ್ಯ. 30 ಡಿಗ್ರಿ ಕೆಳಗಿಳಿಯುವ ರಾತ್ರಿಗಳೂ ಅಪರೂಪವಲ್ಲ. ಸೆಂಟಿಗ್ರೇಡೂ ಫ್ಯಾರನ್‌ಹೀಟೂ ಸೊನ್ನೆಯ ಕೆಳಗೆ 40ರಲ್ಲಿ ಒಂದೇ ಅಂಕಿಯನ್ನು ತೋರಿಸುವುವೆಂದು ನಾವು ತರಗತಿಯಲ್ಲಿ ಎಷ್ಟೋ ವರ್ಷ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದ್ದೆವು. ಆ ಅಂಕಿಯ ಸಮೀಪದ ಗಾಳಿ ಮೂಗಿಗೆ ಸೋಕಿದಾಗ, ಲೆಕ್ಕ ಬೇರೆ ಅನುಭವ ಬೇರೆ ಎಂಬುದು ಮನದಟ್ಟಾಯಿತು.

ಅಲ್ಲಿಯ ಗೃಹಸ್ಥರು ಅಕ್ಟೋಬರ್ ತಿಂಗಳಲ್ಲಿಯೇ ಮೋಟಾರನ್ನು ಅಣಿಮಾಡತೊಡಗುವರು. ಮೊದಲ ಹಿಮ ಬಿದ್ದ ದಿನ ಎಚ್ಚರಗೊಂಡವನಿಗೆ ಟೈರಿನ ಅಂಗಡಿಯಲ್ಲಿ ಸರದಿ ಸಿಕ್ಕುವುದು ಎರಡು ಮೂರು ವಾರಗಳ ಮೇಲೆಯೇ. ಕೆರೆ ತುಂಬುವ ಮುನ್ನ ಏರಿ ಕಟ್ಟಬೇಕೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.

ಮೊದಲನೆಯ ವಿಚಾರ ಗಾಲಿಯದು. ಗಾಡಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳ ಮೂಲಕವೇ. ಬೇಸಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುವುದು; ಚಳಿಯಲ್ಲಿಟ್ಟ ತುಪ್ಪದಂತೆ ಗಟ್ಟಿಯಾಗಿ ನೆಲವನ್ನು ಹಿಡಿಯಲಾರದು. ಹಿಮಗಾಲದ ಟೈರನ್ನು ಚಳಿಯಲ್ಲಿಯೂ ಮೆತ್ತಗಿರುವ ರಬ್ಬರಿನಿಂದ ಮಾಡಿ, ಅದರ ಮೈಮೇಲೆ ಕೂದಲೆಳೆಯಂಥ ನೂರಾರು ಸೀಳುಗಳನ್ನು ಕೊರೆದಿರುವರು. ಈ ಸೀಳುಗಳ ಅಂಚುಗಳೇ ಹಿಮವನ್ನು ಕಚ್ಚಿ ಹಿಡಿಯುವುವು. ಕೊಳ್ಳುವವರು ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಮುದ್ರೆಯನ್ನು ಹುಡುಕತಕ್ಕದ್ದು. ಹಿಮದ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಆ ಮುದ್ರೆ. ಎಂ ಮತ್ತು ಎಸ್ ಎಂಬ ಎರಡೇ ಅಕ್ಷರಗಳಿದ್ದರೆ ಅದು ತಯಾರಕನು ತಾನೇ ಹೇಳಿಕೊಂಡ ಮಾತು. ಅದಕ್ಕೆ ಅಂತಹ ಪರೀಕ್ಷೆಯಿಲ್ಲ.

ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂತಹ ಟೈರು ಕಡ್ಡಾಯ. 2008ರಲ್ಲಿ ಮೊದಲಾದ ಈ ಕಟ್ಟಳೆಯ ಆರಂಭದ ದಿನವನ್ನು 2019ರಲ್ಲಿ ಎರಡು ವಾರ ಹಿಂದಕ್ಕೆ ತಂದರು. ಜರ್ಮನಿಯಲ್ಲಿ ತಾರೀಖಿನ ಗೊತ್ತಿಲ್ಲ. ರಸ್ತೆಯ ಮೇಲೆ ಹಿಮವೋ ಮಂಜುಗಡ್ಡೆಯೋ ಇದ್ದ ದಿನ ಬೆಟ್ಟದ ಮುದ್ರೆಯುಳ್ಳ ಟೈರಿಲ್ಲದೆ ಗಾಡಿ ನಡೆಸಕೂಡದು. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತದಲ್ಲಿ ಕಡ್ಡಾಯವಿಲ್ಲದಿದ್ದರೂ, ಜನರು ಇವನ್ನು ಕೊಳ್ಳಲೆಂದು ಅಲ್ಲಿಯ ಸಾರ್ವಜನಿಕ ವಿಮಾ ಸಂಸ್ಥೆಯು 2014ರಲ್ಲಿ ಸುಲಭ ಬಡ್ಡಿಯ ಸಾಲದ ಯೋಜನೆಯೊಂದನ್ನು ತೆರೆಯಿತು. ವಿಮೆಯವರು ಕೈಯಿಂದ ಸಾಲ ಕೊಟ್ಟು ಟೈರು ಕೊಳ್ಳಿಸುವರೆಂದರೆ ಅದರಿಂದ ತಪ್ಪುವ ಅಪಘಾತಗಳ ಲೆಕ್ಕ ಅವರಿಗೆ ಗೊತ್ತಿರಲೇಬೇಕು.

ಖರ್ಚಿನ ಭಯದಿಂದ ಎರಡೇ ಗಾಲಿಗೆ ಹೊಸ ಟೈರು ಹಾಕಿಸುವವರುಂಟು. ಇದು ಅಪಾಯಕರ. ಮುಂದಿನ ಗಾಲಿಗಳು ನೆಲವನ್ನು ಹಿಡಿದು ಹಿಂದಿನವು ಜಾರಿದರೆ ಗಾಡಿ ಬುಗುರಿಯಂತೆ ತಿರುಗುವುದು. ಹಾಕಿಸಿದರೆ ನಾಲ್ಕಕ್ಕೂ ಹಾಕಿಸಬೇಕು. ತೋಡುಗಳ ಆಳ 4 ಮಿಲಿಮೀಟರಿಗೆ ಇಳಿದ ಟೈರು ಹಿಮಕ್ಕೆ ಕೆಲಸಕ್ಕೆ ಬಾರದು. ಒಂದು ಜೊತೆ ಬೇಸಗೆಯಲ್ಲಿ, ಇನ್ನೊಂದು ಜೊತೆ ಚಳಿಯಲ್ಲಿ ಸವೆಯುವುದರಿಂದ ಎರಡೂ ಹೆಚ್ಚು ಕಾಲ ಬಾಳುವುವು. ಆದಕಾರಣ ಖರ್ಚು ತೋರುವಷ್ಟು ಭಾರವಲ್ಲ.

ಟೈರಿನೊಳಗಿನ ಗಾಳಿಯನ್ನೂ ನೋಡಬೇಕು. ಚಳಿಯಲ್ಲಿ ಗಾಳಿ ಸಂಕೋಚಗೊಳ್ಳುವುದು ಶಾಲೆಯ ಪಾಠ. ಉಷ್ಣಮಾನ ಐದಾರು ಡಿಗ್ರಿ ಇಳಿದಂತೆಲ್ಲ ಒತ್ತಡವು ಚದರಂಗುಲಕ್ಕೆ ಸುಮಾರು ಒಂದು ಪೌಂಡು ಕುಗ್ಗುವುದು. ಅಕ್ಟೋಬರಿನಲ್ಲಿ 10 ಡಿಗ್ರಿಯಿದ್ದಾಗ ತುಂಬಿಸಿದ ಗಾಳಿ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ದಿನ ಆರು ಪೌಂಡು ಕಡಿಮೆಯಾಗಿರುವುದು. ಟೈರು ತೂತಾಗಿಲ್ಲದಿದ್ದರೂ ಸೊರಗಿರುವುದು. ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಚೀಟಿ ಹೇಳುವುದು. ಗಾಡಿ ಓಡುವ ಮುಂಚೆ ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಎರಡನೆಯ ವಿಚಾರ ಬ್ಯಾಟರಿ. ಅದರೊಳಗಿನ ರಾಸಾಯನಿಕ ಕ್ರಿಯೆಯು ಚಳಿಯಲ್ಲಿ ಮಂದವಾಗುವುದು. ಸೊನ್ನೆ ಡಿಗ್ರಿಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಶಕ್ತಿ ಉಡುಗುವುದು; 18 ಡಿಗ್ರಿ ಕೆಳಗೆ ಅರ್ಧಕ್ಕಿಂತ ಹೆಚ್ಚೇ ಹೋಗುವುದು. ಇತ್ತ ಗಟ್ಟಿಯಾದ ಎಣ್ಣೆಯಲ್ಲಿ ಸಿಲುಕಿದ ಇಂಜಿನ್ನನ್ನು ತಿರುಗಿಸಲು ಬೇಕಾದ ಶಕ್ತಿಯಾದರೋ ಇಮ್ಮಡಿಯಾಗುವುದು. ಮುದಿ ಎತ್ತಿಗೆ ಹೊರೆ ಹೆಚ್ಚಿಸಿದಂತೆಯೇ ಸರಿ. ಆದ್ದರಿಂದ ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿಯನ್ನು ಹಿಮಕ್ಕೆ ಮುಂಚೆ ಅಂಗಡಿಯಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಪೂರ್ತಿ ಚಾರ್ಜಿರುವ ಬ್ಯಾಟರಿಯ ದ್ರವವು ಎಂತಹ ಚಳಿಗೂ ಸುಲಭವಾಗಿ ಹೆಪ್ಪುಗಟ್ಟದು. ಬರಿದಾದದ್ದು ಸೊನ್ನೆಯಿಂದ ಕೆಲವೇ ಡಿಗ್ರಿ ಇಳಿದರೆ ಗಡ್ಡೆಯಾಗಿ ಪೆಟ್ಟಿಗೆ ಬಿರಿಯಬಹುದು. ಹಾಗೆ ಉಬ್ಬಿದ ಬ್ಯಾಟರಿಗೆ ಇನ್ನೊಂದು ಗಾಡಿಯಿಂದ ತಂತಿ ಕೊಟ್ಟು ಎಬ್ಬಿಸಲು ಹೊರಡಬಾರದು, ಸಿಡಿಯುವ ಸಂಭವವುಂಟು.

ಅಲ್ಲಿ ನಮಗೆ ಮೊದಲು ವಿಚಿತ್ರವಾಗಿ ಕಂಡದ್ದು ಬೇರೊಂದು. ಸಾಲಾಗಿ ನಿಂತ ಕಾರುಗಳ ಮೂತಿಯಿಂದ ಒಂದೊಂದು ವಿದ್ಯುತ್ತಿನ ತಂತಿ ಜೋಲಾಡುತ್ತಿತ್ತು. ಕಛೇರಿಗಳ ಅಂಗಳದಲ್ಲಿ ಪ್ರತಿ ಗಾಡಿಗೂ ಒಂದು ಕಂಬ, ಕಂಬಕ್ಕೊಂದು ಪ್ಲಗ್ಗು. ಸಂಜೆ ಗೂಟಕ್ಕೆ ಮೂಗುದಾರದಿಂದ ಕಟ್ಟಿದ ಎತ್ತುಗಳ ನೆನಪಾಯಿತು. ಇದು ಬ್ಲಾಕ್ ಹೀಟರೆಂಬ ಉಪಕರಣ. ಇಂಜಿನ್ನಿನ ಗರ್ಭದಲ್ಲಿ ಕುಳಿತು ಅದರ ದ್ರವವನ್ನು ಬೆಚ್ಚಗಿಡುವುದು. ವಿನಿಪೆಗ್ಗಿಗೆ ದಕ್ಷಿಣದಲ್ಲಿ, ಅಮೆರಿಕಾದ ಉತ್ತರ ಡಕೋಟಾದ ಗ್ರಾಂಡ್ ಫೋರ್ಕ್ಸ್ ಪಟ್ಟಣದ ಆಂಡ್ರ್ಯೂ ಫ್ರೀಮನ್ ಎಂಬವರು ಇಂತಹ ಹೀಟರೊಂದನ್ನು ರಚಿಸಿ 1949ರಲ್ಲಿ ಪೇಟೆಂಟು ಪಡೆದರು. ಇದನ್ನು ರಾತ್ರಿಯೆಲ್ಲ ಉರಿಸಬೇಕಾಗಿಲ್ಲ. ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆ ತಾನಾಗಿಯೇ ಹೊತ್ತುವಂತೆ ಟೈಮರನ್ನಿಟ್ಟರೆ ಸಾಕು. ಹೊರಡುವಾಗ ತಂತಿಯನ್ನು ಬಿಚ್ಚಲು ಮರೆಯಬಾರದು. ಈಗಿನ ವಿದ್ಯುತ್ ಕಾರುಗಳಿಗೆ ಇಂಜಿನ್ನಿನ ತೊಡಕಿಲ್ಲ; ಆದರೆ ಚಳಿಯಲ್ಲಿ ಒಂದು ಚಾರ್ಜಿಗೆ ಓಡುವ ದೂರ ಗಣನೀಯವಾಗಿ ಕುಗ್ಗುವುದು. ತಂತಿಗೆ ಕಟ್ಟಿರುವಾಗಲೇ ಗಾಡಿಯ ಒಳಗನ್ನೂ ಬ್ಯಾಟರಿಯನ್ನೂ ಬೆಚ್ಚಗೆ ಮಾಡಿಕೊಂಡು ಹೊರಡುವುದು ಅವುಗಳ ಮಟ್ಟಿಗೆ ಜಾಣತನ.

ಮೂರನೆಯದು ದ್ರವಗಳು. ನೀರು ಗಡ್ಡೆಯಾದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದು. ಇಂಜಿನ್ನಿನೊಳಗೆ ಬರಿಯ ನೀರಿದ್ದರೆ ಎರಕದ ಕಬ್ಬಿಣವೂ ಸೀಳಿಹೋಗುವುದು. ಆದಕಾರಣ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸಿ ತುಂಬುವರು. ಇದರಲ್ಲೊಂದು ಸೋಜಿಗವುಂಟು. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು; ಶುದ್ಧ ಗ್ಲೈಕಾಲು 13 ಡಿಗ್ರಿ ಕೆಳಗೆ ಗಟ್ಟಿಯಾಗುವುದು; ಎರಡನ್ನೂ ಸಮಸಮವಾಗಿ ಬೆರೆಸಿದರೆ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದು. ಒಂಟಿಯಾಗಿ ಸೋಲುವ ಇಬ್ಬರು ಜೊತೆಗೂಡಿ ನಿಲ್ಲುವುದಕ್ಕೆ ಗೃಹಸ್ಥರಿಗೆ ಬೇರೆ ದೃಷ್ಟಾಂತ ಬೇಡ. ಆದರೆ ಈ ದ್ರವವು ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಮಗುವೋ ನಾಯಿಯೋ ನೆಕ್ಕಿದರೆ ಪ್ರಾಣಾಪಾಯ. ಕೂಡಲೆ ತೊಳೆದುಬಿಡತಕ್ಕದ್ದು.

ಇಂಜಿನ್ನಿನ ಎಣ್ಣೆಯ ಡಬ್ಬಿಯ ಮೇಲೆ 0ಡಬ್ಲ್ಯು-20, 5ಡಬ್ಲ್ಯು-30 ಮೊದಲಾದ ಗುರುತುಗಳಿರುವುವು. ಡಬ್ಲ್ಯು ಎಂಬ ಅಕ್ಷರವು ಇಂಗ್ಲಿಷಿನಲ್ಲಿ ಚಳಿಗಾಲವನ್ನು ಸೂಚಿಸುವುದು. ಅದರ ಹಿಂದಿನ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಎಣ್ಣೆ ತೆಳುವಾಗಿ ಹರಿಯುವುದು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಬೇಕು. ಅಭ್ಯಂಗಕ್ಕೆ ಯಾವ ಎಣ್ಣೆಯೆಂಬುದನ್ನು ವೈದ್ಯನು ಹೇಳಬೇಕೇ ಹೊರತು ಅಂಗಡಿಯವನಲ್ಲ. ಗಾಜು ತೊಳೆಯುವ ನೀರಿನ ಜಾಗದಲ್ಲಿ 40 ಡಿಗ್ರಿ ಕೆಳಗಿನವರೆಗೂ ಗಟ್ಟಿಯಾಗದ ದ್ರವ ಸಿಕ್ಕುವುದು. ಬೇಸಗೆಯ ನೀರನ್ನು ಪೂರ್ತಿ ಮುಗಿಸಿ ಅದನ್ನು ತುಂಬಿಸಬೇಕು. ಅದೂ ವಿಷವೇ. ಪೆಟ್ರೋಲಿನ ತೊಟ್ಟಿಯನ್ನು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬಾರದು. ದಾರಿಯಲ್ಲಿ ಸಿಕ್ಕಿಬಿದ್ದರೆ ಮೈ ಬೆಚ್ಚಗಿಡುವುದು ಅದೇ.

ನಮ್ಮ ದೇಶದಲ್ಲಿಯೂ ಇಂತಹ ಸೀಮೆ ಇಲ್ಲದಿಲ್ಲ. ಲಡಾಖಿನ ಕಾರ್ಗಿಲ್, ದ್ರಾಸ್ ಮೊದಲಾದೆಡೆ ಚಳಿಗಾಲದಲ್ಲಿ ಸಾಧಾರಣ ಡೀಸಲು ಹರಿಯದೆ ಕಟ್ಟಿಕೊಳ್ಳುವುದು. 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು 33 ಡಿಗ್ರಿ ಕೆಳಗಿನವರೆಗೂ ಹರಿಯುವ ಡೀಸಲನ್ನು ಅಲ್ಲಿ ಬಳಕೆಗೆ ತಂದಿತು. 2020ರಲ್ಲಿ ರೋಹ್ತಾಂಗಿನ ಕೆಳಗೆ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿಯೂ ಲಾಹೌಲಿಗೆ ಹೋಗುವ ಪ್ರವಾಸಿಗಳು ಹೆಚ್ಚಿರುವರು. ಬೆಂಗಳೂರಿನ ಟೈರಿನಲ್ಲಿಯೇ ಹೊರಟು ಹಿಮದ ಮೇಲೆ ಸಾಹಸ ಮಾಡುವ ನಮ್ಮ ತರುಣರು, ಗಾಲಿಗೆ ಕಟ್ಟುವ ಸರಪಳಿಯನ್ನಾದರೂ ಒಯ್ಯಲಿ. ಅದಕ್ಕಿಂತ ಮೇಲೆಂದರೆ ಆ ದಾರಿ ಬಲ್ಲ ಸ್ಥಳೀಯ ಚಾಲಕನ ಕೈಗೆ ಗಾಡಿಯನ್ನು ಒಪ್ಪಿಸಲಿ.

ಇನ್ನು ಮಕ್ಕಳ ವಿಚಾರ. ನಮ್ಮ ಮನೆಯವರು ನಾಲ್ಕು ವರ್ಷದ ಮೊಮ್ಮಗಳಿಗೆಂದು ಹಾಸಿಗೆಯಷ್ಟು ದಪ್ಪನಾದ ಕೋಟೊಂದನ್ನು ಕೊಂಡಿದ್ದರು. ಮಗಳು ಕಾರಿನೊಳಗೆ ಕೂರಿಸುವ ಮುನ್ನ ಅದನ್ನು ಬಿಚ್ಚಿದಳು. ಅಜ್ಜಿಯ ಮುಖ ಸಣ್ಣದಾಯಿತು. "ಈ ಕೊರೆಯುವ ಚಳಿಯಲ್ಲಿ ಮಗುವಿನ ಕೋಟು ಬಿಚ್ಚುವರೇ?" ಎಂದರು. ಮಗಳು ವಾದ ಮಾಡಲಿಲ್ಲ. ಕೋಟಿನ ಸಮೇತ ಮಗುವನ್ನು ಅದರ ಪುಟ್ಟ ಪೀಠದಲ್ಲಿ ಕೂರಿಸಿ ಪಟ್ಟಿಯನ್ನು ಬಿಗಿದಳು. ಬಳಿಕ ಪಟ್ಟಿಯ ಅಳತೆಯನ್ನು ಬದಲಿಸದೆ ಕೋಟನ್ನು ತೆಗೆದು ಮತ್ತೆ ಅದೇ ಪಟ್ಟಿಯನ್ನು ಹಾಕಿದಳು. ಪಟ್ಟಿಗೂ ಮಗುವಿನ ಎದೆಗೂ ನಡುವೆ ಅಜ್ಜಿಯ ಮುಷ್ಟಿಯೇ ಹೋಗುವಷ್ಟು ಸಡಿಲವಿತ್ತು! "ಗಾಡಿ ಡಿಕ್ಕಿ ಹೊಡೆದಾಗ ಕೋಟಿನೊಳಗಿನ ಗಾಳಿಯೆಲ್ಲ ಅದುಮಿಹೋಗಿ ಇಷ್ಟೇ ಸಡಿಲವಾಗುತ್ತದಮ್ಮಾ; ಮಗು ಪಟ್ಟಿಯಿಂದ ಜಾರಿ ಹೊರಗೆ ಬಿದ್ದುಬಿಡುತ್ತದೆ" ಎಂದಳು. ಅಂದಿನಿಂದ ತೆಳುವಾದ ಉಣ್ಣೆಯಂಗಿ ತೊಡಿಸಿ, ಪಟ್ಟಿ ಬಿಗಿದ ಮೇಲೆ ಮೇಲಿನಿಂದ ಕಂಬಳಿ ಹೊದಿಸುವ ಕೆಲಸ ಅಜ್ಜಿಯದಾಯಿತು. ಪ್ರೀತಿಯೊಂದೇ ಸಾಲದು, ಅದಕ್ಕೆ ವಿವೇಕದ ಜೊತೆ ಬೇಕೆಂಬ ಪಾಠ ಅಜ್ಜಿಗೆ ಆ ದಿನ ಆಯಿತು. ಅಜ್ಜನಿಗೆ ಅದಾದ ಬಗೆಯನ್ನು ಈಗ ಹೇಳುವೆವು.

ಜನವರಿಯ ಒಂದು ಬೆಳಗ್ಗೆ. ಅಳಿಯಂದಿರು ರಾತ್ರಿಯ ಪಾಳಿಯಿಂದ ಇನ್ನೂ ಹಿಂದಿರುಗಿರಲಿಲ್ಲ. ಮಗಳು ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕಛೇರಿಗೆ ಹೋಗಬೇಕಾಗಿತ್ತು. ಮಹಡಿಯ ಮೇಲೆ ಮಗುವಿಗೆ ಬಟ್ಟೆ ತೊಡಿಸುತ್ತಿದ್ದಳು. ಮನೆಗೆ ಅಂಟಿಕೊಂಡೇ ಗಾಡಿಯ ಕೊಟ್ಟಿಗೆ. ಅಡಿಗೆಮನೆಯ ಪಕ್ಕದ ಬಾಗಿಲಿನಿಂದ ನೇರವಾಗಿ ಅಲ್ಲಿಗೆ ಇಳಿಯಬಹುದು. ಅಳಿಯಂದಿರು ಪ್ರತಿದಿನ ಮೊದಲೇ ಇಂಜಿನ್ನನ್ನು ಎಬ್ಬಿಸಿಡುವುದನ್ನು ನಾವು ಕಂಡಿದ್ದೆವು. ಮಗಳಿಗೆ ಅಷ್ಟು ನೆರವಾಗೋಣವೆಂದು ಬೀಗದ ಕೈ ತೆಗೆದುಕೊಂಡು ಹೋಗಿ ಇಂಜಿನ್ನನ್ನು ಹೊರಡಿಸಿದೆವು. ಅಳಿಯಂದಿರು ಮೊದಲು ಹೊರಬಾಗಿಲನ್ನು ಎತ್ತಿ, ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸುತ್ತಿದ್ದರು. ನಾವು ಅದನ್ನು ಗಮನಿಸಿರಲಿಲ್ಲ. ಬಾಗಿಲು ತೆರೆದರೆ ಚಳಿ ನುಗ್ಗುವುದೆಂದು ಮುಚ್ಚಿಯೇ ಬಿಟ್ಟು, ಒಳಬಾಗಿಲನ್ನು ಓರೆ ಮಾಡಿ ಬಂದು, ಕಾಫಿಯ ಲೋಟದೊಡನೆ ಕುಳಿತೆವು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯೂ ನಮ್ಮಲ್ಲಿತ್ತು.

ಕೆಲವು ನಿಮಿಷಗಳಾಗಿರಬೇಕು. ಅಡಿಗೆಮನೆಯ ಗೋಡೆಯ ಮೇಲಿದ್ದ ಸಣ್ಣ ಬಿಳಿಯ ಪೆಟ್ಟಿಗೆಯೊಂದು ಕಿವಿ ಸೀಳುವಂತೆ ಕೂಗಿಕೊಂಡಿತು. ನಮಗೆ ಯಾವ ವಾಸನೆಯೂ ಬಂದಿರಲಿಲ್ಲ, ಹೊಗೆಯೂ ಕಂಡಿರಲಿಲ್ಲ. ಮಗಳು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಓಡಿಬಂದವಳು, ಕೊಟ್ಟಿಗೆಯ ಕಡೆಯಿಂದ ಇಂಜಿನ್ನಿನ ಸದ್ದು ಕೇಳಿದೊಡನೆ ಮಗುವನ್ನು ತಾಯಿಯ ಕೈಗಿತ್ತು, ಮೂವರನ್ನೂ ಉಟ್ಟ ಬಟ್ಟೆಯಲ್ಲಿಯೇ ಮುಂಬಾಗಿಲಿನಿಂದ ಹೊರಗೆ ಕಳುಹಿಸಿ, ತಾನು ಉಸಿರು ಹಿಡಿದು ಒಳಹೋಗಿ ಕೊಟ್ಟಿಗೆಯ ಬಾಗಿಲೆತ್ತಿ ಇಂಜಿನ್ನನ್ನು ನಿಲ್ಲಿಸಿದಳು. ನೆರೆಯವರ ಮನೆಯಲ್ಲಿ ನಾವು ನಡುಗುತ್ತ ಕುಳಿತಿದ್ದಾಗ, ನಡುಕ ಚಳಿಯದೋ ಭಯದ್ದೋ ತಿಳಿಯುತ್ತಿರಲಿಲ್ಲ. ಅಗ್ನಿಶಾಮಕದಳದವರು ಬಂದು ಗಾಳಿಯನ್ನು ಅಳೆದು, ಮನೆಯ ಕಿಟಕಿಗಳನ್ನೆಲ್ಲ ತೆರೆಸಿದ ಬಳಿಕವೇ ಒಳಗೆ ಬಿಟ್ಟರು. ಯಾರಿಗೂ ಏನೂ ಆಗಲಿಲ್ಲವೆಂಬುದು ದೈವಕೃಪೆ. ಆ ಬಿಳಿಯ ಪೆಟ್ಟಿಗೆಯದೂ ಕೂಡ. ಮಗಳು ನಮ್ಮನ್ನು ಗದರಿಸಲಿಲ್ಲ. "ಅಪ್ಪಾ, ತಪ್ಪು ನನ್ನದು, ನಿಮಗೆ ಮೊದಲ ದಿನವೇ ಹೇಳಬೇಕಾಗಿತ್ತು" ಎಂದಳು. ಗದರಿಸಿದ್ದರೆ ಹಗುರವಾಗುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ "ತಿಳಿಯದುದನ್ನು ಕೇಳಿ ತಿಳಿಯಿರಿ" ಎಂದು ಬೋಧಿಸಿದ ನಾವು, ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಆ ವಿಷವಾಯುವಿನ ಹೆಸರು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಸ್ಥಾನವನ್ನು ಅದು ಇನ್ನೂರು ಪಟ್ಟಿಗಿಂತ ಹೆಚ್ಚು ಬಿಗಿಯಾಗಿ ಆಕ್ರಮಿಸುವುದು. ಮೊದಲು ತಲೆನೋವು, ಓಕರಿಕೆ, ಮಂಪರು. ಆ ಮಂಪರಿನಲ್ಲಿ ಮಲಗಿದವರು ಏಳುವುದಿಲ್ಲ. ಹೊಸ ಗಾಡಿಗಳ ಹೊಗೆ ಶುದ್ಧವೆಂದು ನಂಬುವವರುಂಟು. ಹೊಗೆಯನ್ನು ಶುದ್ಧಿಮಾಡುವ ಉಪಕರಣವು ಕಾದ ಮೇಲಷ್ಟೇ ಕೆಲಸ ಮಾಡುವುದು. ತಣ್ಣಗಿನ ಇಂಜಿನ್ನು ಎದ್ದ ಮೊದಲ ನಿಮಿಷಗಳೇ ಎಲ್ಲಕ್ಕಿಂತ ಕೆಟ್ಟವು. ಬಾಗಿಲು ತೆರೆದಿದ್ದರೂ ಕೊಟ್ಟಿಗೆಯೊಳಗೆ ಗಾಡಿಯನ್ನು ಉರಿಸಿಡಬಾರದು. ಕೂಡಲೆ ಹೊರಗೆ ತರಬೇಕು. ಮನೆಯಲ್ಲಿ ಆ ಎಚ್ಚರಿಕೆಯ ಪೆಟ್ಟಿಗೆ ಇರಲೇಬೇಕು.

ಈ ಮಾತು ನಮ್ಮ ನಾಡಿನ ಮನೆಗಳಿಗೂ ಸಲ್ಲುವುದು. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರು ಉರಿಸಿ ಸ್ನಾನಕ್ಕೆ ಹೋದವರು, ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಅಸುನೀಗಿದ ವಾರ್ತೆಗಳನ್ನು ಓದುತ್ತಲೇ ಇರುವೆವು. ಕೊಲ್ಲುವುದು ಇದೇ ವಾಯು. ಗೀಸರನ್ನು ಬಚ್ಚಲಿನ ಹೊರಗೆ ಕೂರಿಸಿ, ಒಳಗೆ ಗಾಳಿಯ ಕಿಂಡಿಯಿರಿಸಬೇಕು.

ಹಿಮದಲ್ಲಿ ಗಾಡಿ ಸಿಕ್ಕಿಕೊಂಡಾಗಲೂ ಇದೇ ಎಚ್ಚರ ಬೇಕು. ಹೊಗೆಯ ಕೊಳವೆ ಹಿಮದಿಂದ ಮುಚ್ಚಿಹೋದರೆ ಹೊಗೆ ಒಳಗೆ ಸೇರುವುದು. ಆದುದರಿಂದ ಮೊದಲು ಸಲಿಕೆಯಿಂದ ಕೊಳವೆಯ ಬಾಯನ್ನು ಬಿಡಿಸಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ನನ್ನು ನಡೆಸಬೇಕು. ಗಾಳಿ ಬೀಸದ ಪಕ್ಕದ ಕಿಟಕಿಯನ್ನು ಬೆರಳಗಲ ಇಳಿಸಿರಬೇಕು. ಗಾಡಿಯನ್ನು ಬಿಟ್ಟು ನಡೆದು ಹೋಗಬಾರದು. ಬಿರುಗಾಳಿಯ ಹಿಮದಲ್ಲಿ ಹತ್ತು ಮಾರು ದೂರದ ಮನೆಯೂ ಕಾಣದು, ಗಾಡಿಯಾದರೋ ಹುಡುಕುವವರ ಕಣ್ಣಿಗೆ ಬೀಳುವುದು. ಗಾಡಿಯೊಳಗೆ ಸದಾ ಇರತಕ್ಕ ಸಾಮಾನುಗಳಿವು: ಸಣ್ಣ ಸಲಿಕೆ, ಹಿಮ ಕೆರೆಯುವ ಬ್ರಷ್ಷು, ಗಾಲಿಯ ಕೆಳಗೆ ಚೆಲ್ಲಲು ಒಂದು ಚೀಲ ಮರಳು, ಬ್ಯಾಟರಿಗೆ ಕೊಡುವ ತಂತಿ, ಕಂಬಳಿಗಳು, ಕೈಚೀಲ ಕಾಲುಚೀಲಗಳು, ಟಾರ್ಚು, ಮೊಬೈಲಿನ ಚಾರ್ಜರು, ಕುಡಿಯುವ ನೀರು, ಕೆಡದ ತಿಂಡಿ. ನಮ್ಮ ಮನೆಯವರು ಕಟ್ಟಿಕೊಟ್ಟ ಕೋಡುಬಳೆಯ ಡಬ್ಬಿಯು ಆ ಚಳಿಗಾಲವೆಲ್ಲ ಮಗಳ ಗಾಡಿಯಲ್ಲಿ ಸಲಿಕೆಯ ಪಕ್ಕದಲ್ಲಿತ್ತು.

ನಡೆಸುವ ವಿಧಾನವನ್ನು ಎರಡು ಮಾತಿನಲ್ಲಿ ಮುಗಿಸುವೆವು. ಹೊರಡುವ ಮುನ್ನ ಗಾಜನ್ನಷ್ಟೇ ಅಲ್ಲದೆ ದೀಪಗಳನ್ನೂ ಮಾಳಿಗೆಯನ್ನೂ ಹಿಮದಿಂದ ಬಿಡಿಸಬೇಕು. ಮಾಳಿಗೆಯ ಹಿಮ ಬ್ರೇಕು ಹಾಕಿದಾಗ ಜಾರಿ ಮುಂದಿನ ಗಾಜನ್ನು ಮುಚ್ಚುವುದು. ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ತುಂಬಿದ ಕೊಡ ಹೊತ್ತವರ ನಡಿಗೆಯಂತೆ ಮೆಲ್ಲಗಿರಬೇಕು. ಮುಂದಿನ ಗಾಡಿಗೂ ನಮಗೂ ನಡುವೆ ಬೇಸಗೆಯ ಹಲವು ಪಟ್ಟು ಅಂತರವಿರಬೇಕು. ಸೇತುವೆಯ ಮೇಲೆ ಮೇಲಿಂದಲೂ ಕೆಳಗಿಂದಲೂ ಗಾಳಿ ತಾಕುವುದರಿಂದ ಅಲ್ಲಿಯೇ ಮೊದಲು ಗಡ್ಡೆಗಟ್ಟುವುದು. ಗಾಡಿ ಜಾರಿದರೆ ಗಾಬರಿಯಾಗಿ ಬ್ರೇಕು ತುಳಿಯದೆ, ಪೆಡಲಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟು ಮೆಲ್ಲಗೆ ಚಕ್ರವನ್ನು ತಿರುಗಿಸಬೇಕು. ಹೊರಗೆ ಹೋಗದಿರಲು ಸಾಧ್ಯವಾದ ದಿನ ಹೋಗದಿರುವುದೇ ಸರ್ವೋತ್ತಮ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಈ ಸಲ ಮಕ್ಕಳೊಡನೆ ಮಾತನಾಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ನಾಲ್ಕು ಗಾಲಿಗೂ ಹಿಮದ ಟೈರು ಹಾಕಿಸಿದೆಯಾ? ಬ್ಯಾಟರಿಯನ್ನು ತೋರಿಸಿದೆಯಾ? ಗಾಡಿಯಲ್ಲಿ ಸಲಿಕೆ ಕಂಬಳಿಗಳಿವೆಯೆ? ಮನೆಯಲ್ಲಿ ಆ ಬಿಳಿಯ ಪೆಟ್ಟಿಗೆ ಇದೆಯೆ, ಅದರ ಬ್ಯಾಟರಿ ಸರಿಯಾಗಿದೆಯೆ? ಇವುಗಳಿಗೆ ಉತ್ತರ ಬಂದ ಮೇಲೆ ಊಟದ ವಿಚಾರ ಕೇಳಬಹುದು. ನೀವೇ ಅಲ್ಲಿಗೆ ಹೋಗುವವರಾದರೆ ಇನ್ನೊಂದು ಮಾತು: ನೆರವಾಗುವ ಮುನ್ನ ಕೇಳಿರಿ. ಮಗಳ ಮುಂದೆ ವಿದ್ಯಾರ್ಥಿಯಾಗುವುದರಲ್ಲಿ ಅವಮಾನವೇನೂ ಇಲ್ಲ. ಈಗಲೂ ನಮ್ಮ ಮನೆಯಲ್ಲಿ ಬೆಳಗ್ಗೆ ಕಾಫಿಯ ಲೋಟ ಕೈಗೆ ಬಂದಾಗ, ಒಮ್ಮೊಮ್ಮೆ ಆ ಪೆಟ್ಟಿಗೆಯ ಕೂಗು ಕಿವಿಯಲ್ಲಿ ಮೊಳಗುವುದು. ಲೋಟವನ್ನು ಕೆಳಗಿಟ್ಟು ಬಚ್ಚಲಿನ ಕಿಟಕಿ ತೆರೆದಿದೆಯೇ ಎಂದು ನೋಡಿ ಬಂದು ಕುಳಿತುಕೊಳ್ಳುವೆವು.